ಕಾರವಾರದ ಮೂವರು ಸಾಹೇಬರು, ನಮ್ಮ ಮೊಬೈಲಿನ ಪತಂಗ

ಮಳೆ ಹಿಡಿದ ಮೇಲೆ ನನ್ನ ವಾಟ್ಸಾಪಿಗೆ ಹುಳದ ಫೋಟೋ ಬರೋದು ಜಾಸ್ತಿ. ಕೆಳಗೆ ಎರಡೇ ಪ್ರಶ್ನೆ: "ಇದು ಯಾವ ಹುಳ? ಏನು ಹೊಡೀಬೇಕು?" ಫೋಟೋದಲ್ಲಿ ಇರೋದು ಮಾತ್ರ ರಾತ್ರಿ ಜಗಲಿ ಲೈಟಿಗೆ ಬಂದು ಗೋಡೆ ಮೇಲೆ ಕೂತ ಒಂದು ಕಂದು ಪತಂಗ. ಅದು ಯಾವ ಗಿಡದ ಮೇಲೆ ಬೆಳೀತು, ಮರಿಯಾಗಿದ್ದಾಗ ಹೇಗಿತ್ತು ಅನ್ನೋದು ಕಳಿಸಿದವರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಹಣ್ಣು ಚುಚ್ಚಿ ರಸ ಹೀರುವ ಕೆಲವು ಜಾತಿ ಬಿಟ್ಟರೆ ಪತಂಗ ಬೆಳೆಗೆ ಏನೂ ಮಾಡೋದಿಲ್ಲ. ತಿನ್ನೋದೆಲ್ಲ ಅದರ ಮರಿಹುಳ. ಹಾಗಾಗಿ ರೆಕ್ಕೆ ನೋಡಿ ಹೆಸರು ಹೇಳೋದು ಒಂದು ವಿದ್ಯೆ, ಮರಿ ಮತ್ತು ಎಲೆ ನೋಡಿ ಹೆಸರು ಹೇಳೋದು ಇನ್ನೊಂದು ವಿದ್ಯೆ. ರೈತನಿಗೆ ಬೇಕಾದದ್ದು ಎರಡನೇದು.

ಈ ಎರಡನೇ ವಿದ್ಯೆ ನಮ್ಮ ದೇಶದಲ್ಲಿ ಗಟ್ಟಿಯಾಗಿ ಬೇರು ಬಿಟ್ಟ ಜಾಗಗಳಲ್ಲಿ ನಮ್ಮ ಉತ್ತರ ಕನ್ನಡ ಜಿಲ್ಲೆಯೂ ಒಂದು. ಇದು ನಮ್ಮಲ್ಲೇ ಬಹಳ ಜನಕ್ಕೆ ಗೊತ್ತಿಲ್ಲ, ಅದಕ್ಕೇ ಬರೀತಾ ಇದ್ದೇನೆ. ಉದ್ದ ಇದೆ, ಪುರುಸೊತ್ತಾದಾಗ ಓದಿ.

ಮೊದಲು ಆ ಕಾಲದ ಪದ್ಧತಿ ಹೇಳಿಬಿಡ್ತೇನೆ. ಹತ್ತೊಂಬತ್ತನೇ ಶತಮಾನದಲ್ಲಿ ಚಿಟ್ಟೆ ಗುರುತಿಸೋದು ಅಂದರೆ ಬಲೆ ಬೀಸಿ ಹಿಡಿಯೋದು, ಕೊಂದು ಸೂಜಿಗೆ ಚುಚ್ಚಿ ಒಣಗಿಸೋದು, ಪೆಟ್ಟಿಗೆ ತುಂಬಿ ಹಡಗಿನಲ್ಲಿ ಲಂಡನ್ನಿಗೆ ಕಳಿಸೋದು. ಅಲ್ಲಿ ಮ್ಯೂಸಿಯಂನಲ್ಲಿ ಕೂತವರು ಸತ್ತ ರೆಕ್ಕೆ ನೋಡಿ ಹೆಸರಿಡ್ತಿದ್ದರು. ಅವರಲ್ಲಿ ನಮಗೆ ಹತ್ತಿರದವನು ಅಂದ್ರೆ ಜಾರ್ಜ್ ಹ್ಯಾಂಪ್ಸನ್. ಈತ ನೀಲಗಿರಿಯಲ್ಲಿ ಚಹಾ ತೋಟ ಮಾಡಿಕೊಂಡಿದ್ದವ, ಒಂದು ರೀತಿಯಲ್ಲಿ ನಮ್ಮದೇ ಕಸುಬಿನವ. ತೋಟದಲ್ಲಿ ಪತಂಗದ ಹುಚ್ಚು ಹಿಡಿದು, ಊರಿಗೆ ವಾಪಸ್ಸು ಹೋಗಿ ಮ್ಯೂಸಿಯಂ ಸೇರಿ, 1892ರಿಂದ 1896ರ ಒಳಗೆ ಭಾರತ, ಸಿಲೋನ್, ಬರ್ಮಾದ ಪತಂಗಗಳ ಮೇಲೆ ನಾಲ್ಕು ದಪ್ಪ ಸಂಪುಟ ಬರೆದ. ಇವತ್ತಿಗೂ ಪತಂಗ ಹುಡುಕುವವರು ಆ ಪುಸ್ತಕ ತೆಗೀತಾರೆ. ಕೆಲಸ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ.

ಆದರೆ ರೆಕ್ಕೆಯನ್ನೇ ನಂಬಿದರೆ ಏನಾಗ್ತದೆ ನೋಡಿ. ಲಿಂಬೆ ಗಿಡದ ಹತ್ತಿರ ಸುತ್ತುವ ಕಾಮನ್ ಮಾರ್ಮನ್ ಅನ್ನೋ ಕಪ್ಪು ಚಿಟ್ಟೆ ಎಲ್ಲರೂ ನೋಡಿರ್ತೀರಿ. ಗಂಡು ಕಪ್ಪು, ಹಿಂದಿನ ರೆಕ್ಕೆಗೆ ಬಿಳಿ ಚುಕ್ಕಿಗಳ ಪಟ್ಟಿ. ಹೆಣ್ಣಿನಲ್ಲಿ ಮೂರು ವೇಷ: ಒಂದು ಗಂಡಿನ ಹಾಗೇ, ಇನ್ನೆರಡು ಕೆಂಪು ಚುಕ್ಕಿಯ ಬೇರೆ ಎರಡು ಚಿಟ್ಟೆಗಳ ನಕಲು. ಆ ಅಸಲಿ ಚಿಟ್ಟೆಗಳು ಈಶ್ವರಿ ಬಳ್ಳಿ ತಿಂದು ಬೆಳೆದವು, ಹಕ್ಕಿಗೆ ರುಚಿಸೋದಿಲ್ಲ. ಅವುಗಳ ವೇಷ ಹಾಕಿದರೆ ಇದಕ್ಕೂ ರಕ್ಷಣೆ. ಹಕ್ಕಿ ಮೋಸ ಹೋದ ಹಾಗೇ ಪಂಡಿತರೂ ಮೋಸ ಹೋದರು, ಒಂದೇ ಜಾತಿಯ ಗಂಡಿಗೊಂದು ಹೆಣ್ಣಿಗೊಂದು ಹೆಸರು ಕೊಟ್ಟಿದ್ದರು. ಗದ್ದೆ ಅಂಚಿನಲ್ಲಿ ಮುಸ್ಸಂಜೆ ಹಾರುವ ಈವ್ನಿಂಗ್ ಬ್ರೌನ್ ಕತೆಯೂ ಹೀಗೇ. ಅದರ ಮರಿ ಭತ್ತದ ಎಲೆ, ಹುಲ್ಲು ತಿಂತದೆ. ಮಳೆಗಾಲದಲ್ಲಿ ಹುಟ್ಟಿದ ಚಿಟ್ಟೆಯ ರೆಕ್ಕೆ ಅಡಿಗೆ ಸಾಲು ಕಣ್ಣು ಚುಕ್ಕಿ, ಬೇಸಿಗೆಯದಕ್ಕೆ ಚುಕ್ಕಿ ಇಲ್ಲ, ಬರೀ ಒಣಗಿದ ತರಗೆಲೆ. ಅದಕ್ಕೂ ಎರಡು ಹೆಸರಿತ್ತು. ಇಂಥದ್ದು ಒಂದೇ ಜಾತಿ ಅಂತ ಖಾತ್ರಿ ಮಾಡೋಕೆ ಸುಲಭದ ದಾರಿ ಒಂದೇ: ಒಂದೇ ತಾಯಿಯ ಮೊಟ್ಟೆ ತಂದು ಸಾಕಿ, ಏನೇನು ಹೊರಗೆ ಬರ್ತದೆ ನೋಡೋದು.

ಈಗ ಕಾರವಾರಕ್ಕೆ ಬರೋಣ. 1862ರಲ್ಲಿ ನಮ್ಮ ಜಿಲ್ಲೆ ಮದ್ರಾಸಿನಿಂದ ಬೊಂಬಾಯಿ ಪ್ರಾಂತಕ್ಕೆ ಸೇರಿತ್ತು, ಕಾರವಾರ ಜಿಲ್ಲೆಯ ಮುಖ್ಯ ಊರು. ಆ ಶತಮಾನದ ಕೊನೆಗೆ ಅಲ್ಲಿ ಮೂವರು ಕೂಡಿದರು. ಜೇಮ್ಸ್ ಡೇವಿಡ್ಸನ್, ಕಲೆಕ್ಟರ್. ಎಡ್ವರ್ಡ್ ಹ್ಯಾಮಿಲ್ಟನ್ ಏಟ್ಕನ್, ಉಪ್ಪು ಮತ್ತು ಸುಂಕದ ಇಲಾಖೆಯವ, ಹುಟ್ಟಿದ್ದೇ ಸಾತಾರಾದಲ್ಲಿ. ಮೂರನೆಯವ ಥಾಮಸ್ ಬೆಲ್, ಐರ್ಲೆಂಡಿನಲ್ಲಿ ಹುಟ್ಟಿದವ, ಅರಣ್ಯ ಇಲಾಖೆ. ಯಾರ ಹುದ್ದೆಯೂ ಕೀಟಶಾಸ್ತ್ರದ್ದಲ್ಲ. ಏಟ್ಕನ್ 1883ರಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಕಟ್ಟಿದವರಲ್ಲಿ ಒಬ್ಬ, ನಗಿಸುವ ಹಾಗೆ ಬರೆಯುವ ಕೈ.

ಇವರು ಬಲೆಯ ಜೊತೆ ಇನ್ನೊಂದು ಕೆಲಸ ಶುರು ಮಾಡಿದರು. ಎಲೆ ಮಗುಚಿ ಮೊಟ್ಟೆ ಹುಡುಕೋದು, ಮರಿ ತಂದು ಅದೇ ಗಿಡದ ಸೊಪ್ಪು ಹಾಕಿ ಸಾಕೋದು, ಪೊರೆ ಬಿಟ್ಟ ಹಾಗೆ ಬಣ್ಣ ಹೇಗೆ ಬದಲಾಯ್ತು ಬರೆಯೋದು, ಕೋಶ ಕಟ್ಟಿ ಚಿಟ್ಟೆ ಬಂದ ಮೇಲೆ ಹೆಸರು ಸೇರಿಸೋದು. ದನದ ಕರು ಸಾಕಿದ ಹಾಗೆ ದಿನಾ ಗಮನ ಬೇಕು. ಸೊಪ್ಪು ಒಣಗಿದರೆ ಮರಿ ಸಾಯ್ತದೆ, ಹಿಕ್ಕೆ ತೆಗೆಯದಿದ್ದರೆ ಬೂಸಲು ಬರ್ತದೆ. ಡೇವಿಡ್ಸನ್ ಮತ್ತು ಏಟ್ಕನ್ 1890ರಲ್ಲಿ ಬೊಂಬಾಯಿ ಪ್ರಾಂತದ ಚಿಟ್ಟೆಗಳ ಮರಿ ಮತ್ತು ಕೋಶಗಳ ಬಗ್ಗೆ ಸೊಸೈಟಿಯ ಪತ್ರಿಕೆಯಲ್ಲಿ ಬರೆದರು. 1896-97ರಲ್ಲಿ ಮೂವರೂ ಸೇರಿ ಉತ್ತರ ಕನ್ನಡ ಜಿಲ್ಲೆಯ ಚಿಟ್ಟೆಗಳು ಅಂತಲೇ ದೊಡ್ಡ ಲೇಖನ ಪ್ರಕಟಿಸಿದರು, ಯಾವುದು ಯಾವ ಗಿಡ ತಿಂತದೆ ಅನ್ನುವ ವಿವರದ ಸಮೇತ. ಆಮೇಲೆ 1909ರಿಂದ 1927ರ ತನಕ ಬೆಲ್ ಬಯಲುಸೀಮೆಯ ಸಾಮಾನ್ಯ ಚಿಟ್ಟೆಗಳ ಬಗ್ಗೆ ಕಂತು ಕಂತಾಗಿ ಬರೆದ. 1937ರಲ್ಲಿ ಮೇಜರ್ ಸ್ಕಾಟ್ ಜೊತೆ ಸೇರಿ ಹಾಕ್ ಮಾತ್‌ಗಳ ಸಂಪುಟ ತಂದ. ಹಿಂಭಾಗದಲ್ಲಿ ಕೊಂಬಿರುವ ದಪ್ಪ ಹಸಿರು ಹುಳ ಕಣಗಿಲೆ ಗಿಡದಲ್ಲಿ ಕಾಣ್ತದಲ್ಲ, ಅದರ ಬಳಗ. ಹ್ಯಾಂಪ್ಸನ್ ನಾಲ್ಕು ಸಂಪುಟ ಬರೆದ ಮಾಲಿಕೆಗೇ ಇದು ಐದನೇದು. ಬೆಲ್ ನಿವೃತ್ತಿಯಾದ ಮೇಲೂ ದೇಶಕ್ಕೆ ಹೋಗಲಿಲ್ಲ, ಕಾರವಾರದಲ್ಲೇ ಉಳಿದು 1948ರಲ್ಲಿ ಅಲ್ಲೇ ತೀರಿಕೊಂಡ.

ಒಂದು ಮಾತು ಇಲ್ಲೇ ಹೇಳ್ತೇನೆ. ಬೆಲ್ ಕೆಲಸ ಮಾಡಿದ ಅರಣ್ಯ ಇಲಾಖೆ ನಮ್ಮ ಹಿರಿಯರಿಗೆ ಪ್ರೀತಿಯದಾಗಿರಲಿಲ್ಲ. ಕುಮರಿ ಬೇಸಾಯಕ್ಕೆ ಕಡಿವಾಣ, ಸೊಪ್ಪು ಸೌದೆಗೆ ಕಾಯ್ದೆ, ಇದೆಲ್ಲ ಆ ಕಾಲದ್ದೇ, ಅದರ ಸಿಟ್ಟು 1930ರ ಹೋರಾಟದ ತನಕ ಬಂತು. ಆ ಸಾಹೇಬರನ್ನು ಪೂಜೆ ಮಾಡಿ ಅಂತ ನಾನು ಹೇಳೋದಿಲ್ಲ. ಅವರು ಬರೆದಿಟ್ಟ ಗಿಡ-ಹುಳದ ಲೆಕ್ಕ ಮಾತ್ರ ನಮ್ಮ ಬೆಟ್ಟದ್ದು, ನಮ್ಮ ತೋಟದ್ದು. ಅದನ್ನು ಬಿಡೋದು ಯಾಕೆ?

ಆ ಲೆಕ್ಕದ ಪ್ರಯೋಜನ ನೋಡಿ. ಲಿಂಬೆ, ಕರಿಬೇವಿನ ಎಲೆ ಮೇಲೆ ಹಕ್ಕಿ ಹಿಕ್ಕೆ ಬಿದ್ದ ಹಾಗೆ ಕಾಣೋದು ಲೈಮ್ ಬಟರ್‌ಫ್ಲೈ ಮತ್ತು ಅದರ ನೆಂಟರ ಎಳೇ ಮರಿ. ದೊಡ್ಡದಾದ ಮೇಲೆ ಹಸಿರಾಗ್ತದೆ. ಮುಟ್ಟಿದರೆ ತಲೆ ಹಿಂದಿನಿಂದ ಕವಲು ಕೊಂಬು ಹೊರಗೆ ಹಾಕಿ ಘಾಟು ವಾಸನೆ ಬಿಡ್ತದೆ. ನರ್ಸರಿ ಸಸಿ ಇದ್ದರೆ ಕೈಯಲ್ಲಿ ಆರಿಸಿ ತೆಗೀರಿ, ದೊಡ್ಡ ಗಿಡಕ್ಕೆ ಅದು ಲೆಕ್ಕಕ್ಕಿಲ್ಲ. ನಮ್ಮ ರಾಜ್ಯದ ಚಿಟ್ಟೆ ಸದರ್ನ್ ಬರ್ಡ್‌ವಿಂಗ್ ಮರಿಗೆ ಈಶ್ವರಿ ಬಳ್ಳಿಯ ಜಾತಿಯೇ ಬೇಕು. ಬೇಲಿ ಸವರುವಾಗ ಆ ಬಳ್ಳಿ ಬೇರು ಸಮೇತ ಕಿತ್ತರೆ ಆ ಚಿಟ್ಟೆಯ ಹೊಟ್ಟೆಗೆ ಕಲ್ಲು ಹಾಕಿದ ಹಾಗೆ.

ಮರಿ ಸಾಕಿದರೆ ಇನ್ನೊಂದು ಸಂಗತಿ ಗೊತ್ತಾಗ್ತದೆ, ಇದು ಯಾವ ಕ್ಯಾಮೆರಾಕ್ಕೂ ಸಿಗೋದಿಲ್ಲ. ಎಷ್ಟೋ ಸಲ ಬಾಟಲಿಯಲ್ಲಿಟ್ಟ ಹುಳದಿಂದ ಪತಂಗ ಬರೋದೇ ಇಲ್ಲ, ಸಣ್ಣ ಸಣ್ಣ ಕಣಜಗಳು ಹೊರಗೆ ಬರ್ತವೆ. ನಾವು ಹೊಡೆಯುವ ಮೊದಲೇ ಬೇರೆಯವರು ಕೆಲಸ ಮುಗಿಸಿರ್ತಾರೆ. ಕರಾವಳಿಯ ತೆಂಗಿಗೆ ಬರುವ ಕಪ್ಪುತಲೆ ಹುಳಕ್ಕೆ ಇಂಥ ಒಂದು ಕಣಜವನ್ನು ಪ್ರಯೋಗಾಲಯದಲ್ಲಿ ಬೆಳೆಸಿ ತೋಟಕ್ಕೆ ಬಿಡ್ತಾರೆ, ಹೆಸರು ಗೋನಿಯೋಜಸ್ ನೆಫಾಂಟಿಡಿಸ್. ಆ ಹೆಸರಲ್ಲಿ ಒಂದು ತಮಾಷೆ ಇದೆ. ಕಪ್ಪುತಲೆ ಹುಳದ ಪತಂಗಕ್ಕೆ 1905ರಲ್ಲಿ ಇಂಗ್ಲೆಂಡಿನ ಶಾಲಾ ಮಾಸ್ತರ ಎಡ್ವರ್ಡ್ ಮೇರಿಕ್ ನೆಫಾಂಟಿಸ್ ಸೆರಿನೋಪಾ ಅಂತ ಹೆಸರಿಟ್ಟಿದ್ದ. ಅದೇ ಪತಂಗಕ್ಕೆ ವಾಕರ್ ಅನ್ನುವವ 1864ರಲ್ಲೇ ಓಪಿಸಿನಾ ಅರೆನೋಸೆಲ್ಲಾ ಅಂತ ಇಟ್ಟಾಗಿತ್ತು ಅಂತ ಆಮೇಲೆ ಗೊತ್ತಾಯ್ತು. ನಿಯಮದ ಪ್ರಕಾರ ಹಳೇ ಹೆಸರೇ ಗೆಲ್ಲಬೇಕು, ಗೆದ್ದಿತು. ಪತಂಗ ಹೆಸರು ಬದಲಿಸಿಕೊಂಡರೂ ಕಣಜ ಮಾತ್ರ ನೆಫಾಂಟಿಸ್ ಹೆಸರನ್ನೇ ಹೊತ್ತು ತಿರುಗ್ತಾ ಇದೆ. ಹಳೇ ಕೃಷಿ ಪುಸ್ತಕದಲ್ಲಿ ನೆಫಾಂಟಿಸ್ ಅಂತ ಕಂಡರೆ ಗಾಬರಿ ಬೇಡ, ಹುಳ ಅದೇ.

ಹೆಸರು ಬೇಗ ಗೊತ್ತಾಗೋದು ಎಷ್ಟು ಮುಖ್ಯ ಅನ್ನೋದಕ್ಕೆ 2018 ನೆನಪು ಮಾಡಿಕೊಳ್ಳಿ. ಪಕ್ಕದ ಶಿವಮೊಗ್ಗದಲ್ಲಿ ಗೋವಿನಜೋಳದ ಸುಳಿ ತಿನ್ನುವ ಹುಳ ಸಿಕ್ಕಿತು. ನೋಡಿದವರಿಗೆ ನಮ್ಮ ಹಳೇ ಸೈನಿಕ ಹುಳದ ಹಾಗೇ ಕಾಣ್ತಿತ್ತು. ಅಲ್ಲಿನ ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿಗಳು ಪರೀಕ್ಷೆ ಮಾಡಿ ಇದು ಅಮೆರಿಕ ಮೂಲದ ಫಾಲ್ ಸೈನಿಕ ಹುಳ, 2016ರಲ್ಲಿ ಆಫ್ರಿಕಾಕ್ಕೆ ನುಗ್ಗಿದ್ದೇ ಇಲ್ಲಿಗೂ ಬಂದಿದೆ ಅಂತ ವರದಿ ಮಾಡಿದರು. ಭಾರತಕ್ಕೆ ಅದೇ ಮೊದಲ ವರದಿ. ಗುರುತು ಇರೋದು ಪತಂಗದಲ್ಲಿ ಅಲ್ಲ, ಮರಿಯಲ್ಲಿ: ಮುಖದ ಮೇಲೆ ತಲೆಕೆಳಗಾದ ಇಂಗ್ಲಿಷ್ ವೈ ಅಕ್ಷರದ ಬಿಳಿ ಗೆರೆ, ಹಿಂತುದಿಗೆ ಹತ್ತಿರ ಬೆನ್ನ ಮೇಲೆ ಚೌಕಾಕಾರದಲ್ಲಿ ನಾಲ್ಕು ಕಪ್ಪು ಚುಕ್ಕಿ. ಇವೆರಡೂ ಸ್ಪಷ್ಟ ಬಿದ್ದ ಮೊಬೈಲ್ ಫೋಟೋ ಇದ್ದರೆ ಮುಂಡಗೋಡದಲ್ಲಿ ಕೂತವರಿಗೂ ಹೆಸರು ಗೊತ್ತಾಗ್ತದೆ. ಅದರ ಹೆಣ್ಣು ಪತಂಗದ ಫೋಟೋ ಕಳಿಸಿದರೆ ಬೂದು ಕಂದು ರೆಕ್ಕೆ ಅಷ್ಟೇ, ಅಂಥವು ನೂರು ಇವೆ.

ಅದಕ್ಕೆ ಫೋಟೋ ತೆಗೆಯುವಾಗ ಮರಿಯ ಮುಖ ಒಂದು, ಬೆನ್ನು ಮೇಲಿಂದ ಒಂದು, ಪಕ್ಕದಿಂದ ಒಂದು, ತಿಂದ ಎಲೆ ಅಥವಾ ಕೊರೆದ ತೂತು ಒಂದು, ಗಿಡ ಪೂರ್ತಿ ಒಂದು ತೆಗೀರಿ. ಹಗಲು ಬೆಳಕು ಇರಲಿ, ಫ್ಲ್ಯಾಶ್ ಬೇಡ, ಮೈ ಹೊಳೆದು ಗುರುತು ಮುಚ್ಚಿ ಹೋಗ್ತದೆ. ಚಿಟ್ಟೆ ಆದರೆ ರೆಕ್ಕೆ ಮಡಿಸಿ ಕೂತಾಗ ಅಡಿಭಾಗವೂ ಬೇಕು. ನೀಲಿ ಬಣ್ಣದ ಸಣ್ಣ ಚಿಟ್ಟೆಗಳಲ್ಲಿ ಗುರುತೆಲ್ಲ ಅಡಿಗೇ ಇರೋದು.

ಎಷ್ಟೇ ಚಂದ ಫೋಟೋ ತೆಗೆದರೂ ಕೆಲವು ಕಡೆ ಗಿಡದ ಹೆಸರಿಲ್ಲದೆ ದಾರಿ ಸಾಗೋದಿಲ್ಲ. ಏಲಕ್ಕಿ ಇರೋರಿಗೆ ಕಾಂಡ ಮತ್ತು ಕಾಯಿ ಕೊರೆಯುವ ಹುಳ ಗೊತ್ತು, ಪತಂಗ ಹಳದಿ, ಮೈ ತುಂಬ ಕರಿ ಚುಕ್ಕಿ. ಔಡಲದ ಕಾಯಿ ಕೊರೆಯುವುದರ ಪತಂಗವೂ ಹಳದಿ, ಮೈ ತುಂಬ ಕರಿ ಚುಕ್ಕಿ. 1854ರಲ್ಲಿ ಗ್ವೆನೆ ಎಂಬ ಫ್ರೆಂಚ್ ಪಂಡಿತ ಇಟ್ಟ ಪಂಕ್ಟಿಫೆರಾಲಿಸ್ ಅನ್ನುವ ಒಂದೇ ಹೆಸರಲ್ಲಿ ಎರಡೂ ಬಹಳ ವರ್ಷ ನಡೆದವು, ಔಡಲದ ಹುಳವೇ ಏಲಕ್ಕಿಗೂ ಬರ್ತದೆ ಅಂತ ನಂಬಿಕೆ. ನಮ್ಮ ದೇಶದ ವಿಜ್ಞಾನಿಗಳು ಎರಡೂ ಗಿಡದ ಹುಳ ಬೇರೆ ಬೇರೆ ಇಟ್ಟು, ಡಿಎನ್ಎ ಮತ್ತು ಜನನಾಂಗದ ರಚನೆ ಹೋಲಿಸಿ, ಏಲಕ್ಕಿಯದು ಬೇರೆಯೇ ಜಾತಿ ಅಂತ 2018ರಲ್ಲಿ ತೋರಿಸಿದರು. ಅದಕ್ಕೆ ಸಹ್ಯಾದ್ರಿಯ ಹೆಸರೇ ಇಟ್ಟಿದ್ದಾರೆ, ಕೊನೋಗೆಥೆಸ್ ಸಹ್ಯಾದ್ರಿಯೆನ್ಸಿಸ್. ಏಲಕ್ಕಿಯೂ ಔಡಲವೂ ಇರೋರು ಈ ಸಲ ಎರಡರ ಹುಳವನ್ನೂ ಬೇರೆ ಬೇರೆ ಬಾಟಲಿಗೆ ಹಾಕಿ, ಬಾಯಿಗೆ ತೆಳು ಬಟ್ಟೆ ಕಟ್ಟಿ, ಮೇಲೆ ಗಿಡದ ಹೆಸರು ಮತ್ತು ತಾರೀಖು ಬರೆದಿಡಿ. ಪತಂಗ ಬಂದ ದಿನ ಎರಡನ್ನೂ ಅಕ್ಕಪಕ್ಕ ಇಟ್ಟು ಫೋಟೋ ತೆಗೆದು ಕಳಿಸಿ. ಕಣಜ ಬಂದರೆ ಅದರದ್ದೂ ಕಳಿಸಿ.