ಎಲ್298ಎನ್ ಮೋಟಾರ್ ಡ್ರೈವರ್: ವಿದ್ಯುತ್ ಪೂರೈಕೆಯ ದೋಷಗಳು

ಎಲ್298ಎನ್ ಹವ್ಯಾಸಿ ರೋಬಾಟ್‌ಗಳಲ್ಲಿ ವ್ಯಾಪಕವಾಗಿ ಬಳಕೆಯಲ್ಲಿರುವ ಮೋಟಾರ್ ಡ್ರೈವರ್ ಚಿಪ್. ಇದನ್ನು ಕೂರಿಸಿದ ಕೆಂಪು ಬೋರ್ಡ್ ಬೆಂಗಳೂರಿನ ಎಸ್‌.ಪಿ. ರಸ್ತೆಯ ಅಂಗಡಿಗಳಲ್ಲೂ ಸುಲಭವಾಗಿ ಸಿಗುತ್ತದೆ. ಎಸ್‌ಟಿಮೈಕ್ರೊಎಲೆಕ್ಟ್ರಾನಿಕ್ಸ್ ಕಂಪನಿಯ ಈ ಚಿಪ್‌ನಲ್ಲಿ ಮೋಟಾರಿನ ದಿಕ್ಕು ಬದಲಿಸಬಲ್ಲ ಸ್ವಿಚ್ ಜೋಡಣೆಗಳಾದ ಎರಡು ಎಚ್-ಬ್ರಿಡ್ಜ್‌ಗಳಿದ್ದು, ಒಂದೊಂದೂ 2 ಆಂಪಿಯರ್‌ವರೆಗೆ ಕರೆಂಟ್ ಕೊಡಬಲ್ಲದು. ಮೋಟಾರ್ ತಿರುಗದಿದ್ದರೆ ಬೋರ್ಡ್ ಸುಟ್ಟಿದೆಯೆಂದು ಬಿಸಾಡುವವರೇ ಹೆಚ್ಚು. ದೋಷ ಬಹುಮಟ್ಟಿಗೆ ಬೋರ್ಡಿನದಲ್ಲ, ಅದಕ್ಕೆ ಬರುವ ವಿದ್ಯುತ್ತಿನದು.

ಈ ಚಿಪ್ ಹಳೆಯ ಬೈಪೋಲಾರ್ ಟ್ರಾನ್ಸಿಸ್ಟರ್‌ಗಳಿಂದಾದದ್ದು. ಕರೆಂಟ್ ಎರಡು ಸ್ವಿಚ್‌ಗಳನ್ನು ದಾಟಿ ಹೋಗಬೇಕಾದ್ದರಿಂದ 1 ಆಂಪಿಯರ್‌ನಲ್ಲಿ 1.8ರಿಂದ 3.2 ವೋಲ್ಟ್, 2 ಆಂಪಿಯರ್‌ನಲ್ಲಿ 4.9 ವೋಲ್ಟ್‌ವರೆಗೂ ಚಿಪ್‌ನಲ್ಲೇ ಕಳೆದುಹೋಗುತ್ತದೆ. 6 ವೋಲ್ಟ್ ಸೆಲ್ ಪ್ಯಾಕ್ ಹಾಕಿದವರ ಮೋಟಾರಿಗೆ ಮುಟ್ಟುವುದು 3–4 ವೋಲ್ಟ್ ಮಾತ್ರ. ಅದು ಗುಂಯ್‌ಗುಡುತ್ತದೆ, ತಿರುಗುವುದಿಲ್ಲ. ಕಳೆದ ವೋಲ್ಟೇಜ್ ಶಾಖವಾಗುತ್ತದೆ. 2 ಆಂಪಿಯರ್‌ನಲ್ಲಿ ಒಂದೇ ಬ್ರಿಡ್ಜ್ ಸುಮಾರು 10 ವಾಟ್ ಶಾಖ ಹೊರಹಾಕಬಹುದು. ಹೀಟ್‌ಸಿಂಕ್ ಕೈಸುಡುವುದು ಇದರಿಂದಲೇ.

ಇನ್ನೊಂದು ಸಾಮಾನ್ಯ ಕಾರಣ ಆಯತಾಕಾರದ 9 ವೋಲ್ಟ್ ಬ್ಯಾಟರಿ. ಮಲ್ಟಿಮೀಟರ್ ಹಿಡಿದರೆ ಪೂರ್ತಿ 9 ತೋರಿಸುತ್ತದೆ, ಮೋಟಾರ್ ಜೋಡಿಸಿದ ಕ್ಷಣ ಕುಸಿಯುತ್ತದೆ. ಅದರ ಒಳರೋಧ ಹೆಚ್ಚು, ಹೊಗೆ ಅಲಾರಂನಂಥ ಅಲ್ಪ ಕರೆಂಟಿನ ಸಾಧನಗಳಿಗಷ್ಟೇ ಅದು ಸರಿ. ಆದ್ದರಿಂದ ವೋಲ್ಟೇಜನ್ನು ಮೋಟಾರ್ ಓಡುತ್ತಿರುವಾಗಲೇ, ಬೋರ್ಡಿನ ಸ್ಕ್ರೂ ಟರ್ಮಿನಲ್‌ಗಳ ಮೇಲೇ ಅಳೆಯಬೇಕು. ಸರಣಿಯಲ್ಲಿ ಜೋಡಿಸಿದ ಎರಡು 18650 ಲಿಥಿಯಂ ಸೆಲ್‌ಗಳು (7.4 ವೋಲ್ಟ್) ಸಣ್ಣ ರೋಬಾಟಿಗೆ ಎಷ್ಟೋ ಉತ್ತಮ.

ಬೋರ್ಡಿನ ಮೇಲಿರುವ 78ಎಂ05 ರೆಗ್ಯುಲೇಟರ್ ಚಿಪ್‌ಗೆ ಬೇಕಾದ 5 ವೋಲ್ಟ್ ತಯಾರಿಸುತ್ತದೆ. ರೆಗ್ಯುಲೇಟರ್‌ಗೆ ಕನಿಷ್ಠ 7 ವೋಲ್ಟ್ ಬೇಕು. ಪಕ್ಕದ ಜಂಪರ್ ಕೂತಿರುವಾಗ 5 ವೋಲ್ಟ್ ಟರ್ಮಿನಲ್‌ನಿಂದ ವಿದ್ಯುತ್ ಹೊರಬರುತ್ತದೆ, ಅಲ್ಲಿಗೆ ಹೊರಗಿನಿಂದ 5 ವೋಲ್ಟ್ ಕೊಡಬಾರದು. ಪೂರೈಕೆ 12 ವೋಲ್ಟ್ ಮೀರಿದರೆ ಜಂಪರ್ ತೆಗೆದು, 5 ವೋಲ್ಟನ್ನು ಹೊರಗಿನಿಂದ ಕೊಡಬೇಕು.

ಸಂಕೇತ ಕೊಡುವ ಮೈಕ್ರೊಕಂಟ್ರೋಲರ್ ಬೋರ್ಡ್ (ಉದಾ: ಆರ್ಡುಯಿನೊ) ಮತ್ತು ಡ್ರೈವರ್‌ಗೆ ಬೇರೆಬೇರೆ ಬ್ಯಾಟರಿ ಇದ್ದರೂ ಗ್ರೌಂಡ್ ತಂತಿ ಒಂದಾಗಿರಲೇಬೇಕು. ಇಲ್ಲದಿದ್ದರೆ ಸಂಕೇತಕ್ಕೆ ಅರ್ಥವೇ ಇರುವುದಿಲ್ಲ.

ಮೋಟಾರ್ ಶುರುವಾದಾಗ ಮೈಕ್ರೊಕಂಟ್ರೋಲರ್ ರೀಸೆಟ್ ಆಗುವುದು ಮತ್ತೊಂದು ದೂರು. ನಿಂತ ಮೋಟಾರ್ ಓಡುವಾಗಿನ ಹಲವು ಪಟ್ಟು ಕರೆಂಟ್ ಎಳೆಯುವುದರಿಂದ ವೋಲ್ಟೇಜ್ ಕ್ಷಣಕಾಲ ಕುಸಿಯುತ್ತದೆ. ಅದು ಸುಮಾರು 2.7 ವೋಲ್ಟಿಗೆ ಇಳಿದರೆ ಆರ್ಡುಯಿನೊ ಯುನೊ ರೀಸೆಟ್ ಆಗುತ್ತದೆ. ಪ್ರತ್ಯೇಕ ಪೂರೈಕೆ, ದಪ್ಪ ತಂತಿ, ಟರ್ಮಿನಲ್ ಬಳಿ 470 ಅಥವಾ 1000 ಮೈಕ್ರೊಫ್ಯಾರಡ್ ಕೆಪಾಸಿಟರ್ (ಧ್ರುವ ನೋಡಿ), ಮೋಟಾರಿನ ಎರಡು ಕಾಲುಗಳ ನಡುವೆ 0.1 ಮೈಕ್ರೊಫ್ಯಾರಡ್ ಸೆರಾಮಿಕ್ ಕೆಪಾಸಿಟರ್ ಇದಕ್ಕೆ ಪರಿಹಾರ.

ಚಿಪ್ಪನ್ನೇ ಪರೀಕ್ಷಿಸಲು ಮೈಕ್ರೊಕಂಟ್ರೋಲರ್ ಬಿಚ್ಚಿ, ಇಎನ್‌ಎ (ಮೊದಲ ಬ್ರಿಡ್ಜನ್ನು ಚಾಲೂ ಮಾಡುವ) ಜಂಪರ್ ಇಟ್ಟು, ಐಎನ್1 ಅನ್ನು 5 ವೋಲ್ಟಿಗೂ ಐಎನ್2 ಅನ್ನು ಗ್ರೌಂಡಿಗೂ ಜೋಡಿಸಿ ಔಟ್1–ಔಟ್2 ನಡುವೆ ಅಳೆಯಬೇಕು. ಪೂರೈಕೆ ಸರಿಯಿದ್ದೂ ಅಲ್ಲಿ ಸೊನ್ನೆ ಬಂದರೆ ಮಾತ್ರ ಬೋರ್ಡನ್ನು ಶಂಕಿಸಬಹುದು.

ಕಡಿಮೆ ವೋಲ್ಟೇಜಿನ ಮೋಟಾರುಗಳಿಗೆ ತೋಷಿಬಾದ ಟಿಬಿ6612ಎಫ್‌ಎನ್‌ಜಿ ಮೇಲು. ಅದು ಮಾಸ್‌ಫೆಟ್ ಚಿಪ್ ಆದ್ದರಿಂದ 1 ಆಂಪಿಯರ್‌ನಲ್ಲಿ ಕಳೆಯುವುದು ಸುಮಾರು ಅರ್ಧ ವೋಲ್ಟ್. ಆದರೆ ಅದರ ಎಸ್‌ಟಿಬಿವೈ ಪಿನ್‌ಗೆ ಹೈ ಸಂಕೇತ ಕೊಡದಿದ್ದರೆ ಮೋಟಾರ್ ಅಲುಗುವುದಿಲ್ಲ.