ಇಂಜಿನ್ ಪಕ್ಕದ ಸೀಟು

ಕಳೆದ ಏಪ್ರಿಲ್‌ನಲ್ಲಿ ನಾವು ಆರು ಜನ ಸೇರಿ ಒಂದು ಹಳೇ ಕ್ಯಾರವಾನ್ ಬಾಡಿಗೆಗೆ ತಗೊಂಡು ಹಂಪಿಗೆ ಹೊರಟಿದ್ವಿ. ಕ್ಯಾರವಾನ್ ಅಂದ್ರೆ ಯೂಟ್ಯೂಬಲ್ಲಿ ನೋಡೋ ಥರದ್ದು ಅಂದ್ಕೋಬೇಡಿ. ಹದಿನೈದು ವರ್ಷ ಓಡಿದ ಮಿನಿಬಸ್ಸಿನ ಸೀಟುಗಳನ್ನ ಕಿತ್ತು, ಎರಡು ಮಂಚ, ಒಂದು ಸಿಂಕು, ಒಂದು ಗ್ಯಾಸ್ ಒಲೆ ಕೂರಿಸಿದ ಗಾಡಿ. ‘ಫುಲ್ ಎಸಿ ಸಾರ್’ ಅಂದಿದ್ರು ಕೊಟ್ಟವರು. ಬೆಳಿಗ್ಗೆ ಒಂಬತ್ತಕ್ಕೆ ಕಾಡುಗೋಡಿ ಬಸ್ ಸ್ಟ್ಯಾಂಡ್ ಹತ್ತಿರ ಹತ್ತಿದಾಗ ಒಳಗೆ ತಂಪಾಗಿಯೇ ಇತ್ತು. ತಂಪು ಮುಂದಕ್ಕೆ ಸೋರಿ ಹೋಗದಿರಲಿ ಅಂತ ಡ್ರೈವರ್ ಸೀಟಿನ ಹಿಂದಿದ್ದ ದಪ್ಪ ಪರದೆಯನ್ನ ನಾವೇ ಎಳೆದುಕೊಂಡ್ವಿ. ಎಸಿಯ ತೂತುಗಳೆಲ್ಲ ಪರದೆಯ ಈಚೆಗೇ ಇದ್ವು. ಪರದೆಯ ಆಚೆ ಡ್ರೈವರ್ ಇದ್ದಾರೆ ಅನ್ನೋದು ಆಗ ಯಾರಿಗೂ ಹೊಳೀಲಿಲ್ಲ.

ಹಿರಿಯೂರು ದಾಟಿದ ಮೇಲೆ ಎಸಿ ನಿಂತುಹೋಯ್ತು. ಪರದೆ ಸರಿಸಿ ನೋಡಿದರೆ ಡ್ರೈವರ್ ಅಣ್ಣ ಅಂಗಿ ಪೂರ್ತಿ ಒದ್ದೆ ಮಾಡಿಕೊಂಡು ಕೂತಿದ್ದಾರೆ. ಟೆಂಪರೇಚರ್ ಮುಳ್ಳು ಕೆಂಪು ಗೆರೆಯ ಹತ್ತಿರ ಇದೆ. ಎಸಿ ಆಫ್ ಮಾಡಿದ್ದು ಮಾತ್ರ ಅಲ್ಲ, ಅವರು ಹೀಟರ್ ಬೇರೆ ಹಾಕಿದ್ರು!

‘ಅಣ್ಣಾ, ಈ ಬಿಸಿಲಲ್ಲಿ ಹೀಟರ್ ಯಾಕೆ ಹಾಕಿದ್ದೀರಿ?’

‘ಇಂಜಿನ್ ಉಳೀಬೇಕಲ್ಲ ಸಾರ್. ಅದರ ಬಿಸೀನ ನಾನು ತಗೋತೀನಿ. ನೀವು ಕಿಟಕಿ ತೆಗೀರಿ.’

ಅವರು ಹೇಳಿದ್ದು ಅಕ್ಷರಶಃ ನಿಜ. ಡೀಸೆಲ್ ಸುಟ್ಟು ಬರೋ ಶಕ್ತಿಯಲ್ಲಿ ಹೆಚ್ಚುಕಮ್ಮಿ ಮೂರನೇ ಒಂದು ಭಾಗ ಮಾತ್ರ ಚಕ್ರ ತಿರುಗಿಸೋ ಕಡೆ ಹೋಗುತ್ತೆ. ಉಳಿದಿದ್ದೆಲ್ಲ ಶಾಖ. ಅದರಲ್ಲಿ ಒಂದು ಪಾಲು ಹೊಗೆಯ ಜೊತೆ ಹೊರಗೆ ಹೋದರೆ ಇನ್ನೊಂದು ಪಾಲನ್ನ ರೇಡಿಯೇಟರ್ ನೀರು ಹೊತ್ತುಕೊಂಡು ಹೋಗಿ ಗಾಳಿಗೆ ಬಿಡಬೇಕು. ಕ್ಯಾಬಿನ್ ಹೀಟರ್ ಅನ್ನೋದೂ ಒಂದು ಪುಟ್ಟ ರೇಡಿಯೇಟರೇ. ಅದನ್ನ ತೆರೆದರೆ ಇಂಜಿನ್‌ನ ಶಾಖಕ್ಕೆ ಇನ್ನೊಂದು ದಾರಿ ಸಿಗುತ್ತೆ, ಆದರೆ ಆ ದಾರಿ ಡ್ರೈವರ್ ಕಾಲಿನ ಹತ್ತಿರ ಕೊನೆಯಾಗುತ್ತೆ. ಎಸಿ ಕೆಲಸ ಇದಕ್ಕೆ ಉಲ್ಟಾ. ಅದು ನಮ್ಮ ಶಾಖವನ್ನ ಹೊರಗೆ ಹಾಕೋಕೆ ಆ ಬಡಪಾಯಿ ಇಂಜಿನ್ ಮೇಲೇ ಇನ್ನಷ್ಟು ಭಾರ ಹೇರುತ್ತೆ. ತಂಪನ್ನ ಯಾವ ಯಂತ್ರವೂ ತಯಾರಿಸೋದಿಲ್ಲ. ಶಾಖವನ್ನ ಎತ್ತಿ ಇನ್ನೆಲ್ಲೋ ಹಾಕುತ್ತೆ, ಅಷ್ಟೇ. ಹಾಗಾದರೆ ಯಾರ ಮೇಲೆ? ವಾಹನ ತಂಪು ಮಾಡೋ ಕಥೆಯನ್ನ ಹಿಂದಕ್ಕೆ ಹೋಗಿ ನೋಡಿದರೆ ಈ ಪ್ರಶ್ನೆ ಎಲ್ಲ ಕಡೆ ಸಿಗುತ್ತೆ.

ರೈಲಿನಿಂದ ಶುರು ಮಾಡೋಣ. 1870ರ ದಶಕದಲ್ಲೇ ನಮ್ಮ ದೇಶದ ಕೆಲವು ಮೊದಲ ದರ್ಜೆ ಬೋಗಿಗಳಲ್ಲಿ ಲಾವಂಚದ ಬೇರಿನ ತಟ್ಟಿಗಳಿಗೆ ನೀರು ಹಾಯಿಸಿ ಒಳಗಿನ ಗಾಳಿ ತಂಪು ಮಾಡ್ತಿದ್ರು. ನೀರು ಆವಿಯಾಗುವಾಗ ಗಾಳಿಯ ಶಾಖವನ್ನ ಹೀರಿಕೊಳ್ಳುತ್ತೆ, ಮಣ್ಣಿನ ಹೂಜಿಯ ತತ್ವವೇ. ರಾಯಚೂರು, ಕಲಬುರಗಿಯ ಒಣ ಬಿಸಿಲಲ್ಲಿ ಇದು ಚೆನ್ನಾಗಿ ಕೆಲಸ ಮಾಡುತ್ತೆ. ಮಂಗಳೂರಿನ ಸೆಕೆಯಲ್ಲಿ ಮಾಡೋದಿಲ್ಲ, ಅಲ್ಲಿನ ಗಾಳಿಯಲ್ಲಿ ಆಗಲೇ ನೀರು ತುಂಬಿರುತ್ತೆ. 1934ರಲ್ಲಿ ಬಾಂಬೆಯಿಂದ ಪೆಶಾವರಕ್ಕೆ ಹೋಗ್ತಿದ್ದ ಫ್ರಾಂಟಿಯರ್ ಮೇಲ್ ರೈಲಿಗೆ ಎಸಿ ಬೋಗಿ ಬಂತು. ಬೋಗಿಯ ಕೆಳಗಿನ ಪೆಟ್ಟಿಗೆಯಲ್ಲಿ ಐಸ್ ಗಡ್ಡೆ, ಅದರ ಮೇಲಿಂದ ಫ್ಯಾನು. ಕರಗಿದ ಐಸಿನ ಜಾಗಕ್ಕೆ ದಾರಿಯ ಸ್ಟೇಷನ್‌ಗಳಲ್ಲಿ ಹೊಸ ಐಸ್ ತುಂಬಬೇಕಿತ್ತು. ಒಳಗಿದ್ದವರಿಗೆ ತಂಪು, ಗಡ್ಡೆ ಹೊತ್ತವರಿಗೆ ಪ್ಲಾಟ್‌ಫಾರಂ ಬಿಸಿಲು.

ಅಂದಹಾಗೆ, ನಾವು ಫ್ಲ್ಯಾಟಿಗೆ ‘ಒಂದೂವರೆ ಟನ್ ಎಸಿ’ ಹಾಕಿಸ್ತೀವಲ್ಲ, ಆ ಟನ್ ಬಂದಿದ್ದೂ ಐಸಿನಿಂದಲೇ. ಒಂದು ಅಮೆರಿಕನ್ ಟನ್, ಅಂದರೆ 907 ಕೆಜಿ ಐಸು, 24 ಗಂಟೆಯಲ್ಲಿ ಕರಗುವಾಗ ಹೀರೋ ಶಾಖದ ಲೆಕ್ಕ ಅದು. ಸುಮಾರು 3.5 ಕಿಲೋವ್ಯಾಟ್.

ಅಮೆರಿಕದ ಚಕ್ರದ ಮನೆಗಳಿಗೂ ಮೊದಲು ಐಸೇ ಗತಿಯಾಗಿತ್ತು. 1936ರ ಏರ್‌ಸ್ಟ್ರೀಮ್ ಕ್ಲಿಪ್ಪರ್ ಟ್ರೇಲರ್‌ನಲ್ಲಿ ಡ್ರೈ ಐಸ್ ಇಟ್ಟು ತಂಪು ಮಾಡೋ ಏರ್ಪಾಡಿತ್ತು. ಮೂರು ವರ್ಷದ ನಂತರ ಪ್ಯಾಕಾರ್ಡ್ ಕಂಪನಿ ಫ್ಯಾಕ್ಟರಿಯಲ್ಲೇ ಎಸಿ ಕೂರಿಸಿದ ಕಾರು ತೋರಿಸಿತು. ಆ ಯಂತ್ರ ಡಿಕ್ಕಿಯ ಅರ್ಧ ಜಾಗ ತಿಂತಿತ್ತು. ಆಫ್ ಮಾಡಬೇಕು ಅಂದ್ರೆ ಗಾಡಿ ನಿಲ್ಲಿಸಿ, ಬಾನೆಟ್ ಎತ್ತಿ, ಬೆಲ್ಟ್ ಕಳಚಬೇಕಿತ್ತು. ನಮ್ಮ ಅಣ್ಣನಿಗೆ ಅಂಥ ಎಸಿ ಸಿಕ್ಕಿದ್ರೆ ಹಿರಿಯೂರಲ್ಲಿ ಏನು ಬೈದುಕೊಳ್ತಿದ್ರೋ!

ನಮ್ಮೂರಿನ ಬಸ್ಸಿನ ಕಥೆ ಬೇರೆ. 1948ರ ಸೆಪ್ಟೆಂಬರ್ 12ರಂದು ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ 120 ಬಸ್ಸುಗಳೊಂದಿಗೆ ಶುರುವಾಯ್ತು. ಆ ಕಾಲದ ಹಳೇ ಫೋಟೋಗಳಲ್ಲಿ ಮುಂದೆ ಮೂತಿ ಇರೋ ಬಸ್ಸುಗಳನ್ನ ನೀವೂ ನೋಡಿರ್ತೀರಿ. ಇಂಜಿನ್ ಆ ಮೂತಿಯೊಳಗೆ, ಡ್ರೈವರ್ ಅದರ ಹಿಂದೆ. ಆಮೇಲೆ ಅಷ್ಟೇ ಉದ್ದದ ಗಾಡಿಯಲ್ಲಿ ಇನ್ನಷ್ಟು ಸೀಟು ಬೇಕಾಯ್ತು. ಮೂತಿ ಹೋಗಿ ಚಪ್ಪಟೆ ಮುಖ ಬಂತು, ಇಂಜಿನ್ ಡ್ರೈವರ್ ಪಕ್ಕಕ್ಕೇ ಒಳಗೆ ಬಂದು ಕೂತಿತು. ಒಂದು ಸಾಲು ಸೀಟು ಹೆಚ್ಚಾಯ್ತು, ಅದರ ಬೆಲೆಯನ್ನ ಡ್ರೈವರ್ ಎಡಗಾಲು ಕೊಟ್ಟಿತು. ರಶ್ ಇರೋ ಬಸ್ಸಲ್ಲಿ ಆ ಬಾನೆಟ್ ಮೇಲೆ ಕೂತು ಊರಿಗೆ ಹೋದವರಿಗೆ ಆ ಬಿಸಿ ಎಂಥದ್ದು ಅಂತ ಗೊತ್ತು. ನಮಗೆ ಒಂದು ದಿನ, ಅವರಿಗೆ ಮೂವತ್ತು ವರ್ಷ. ನಮ್ಮ ಅಣ್ಣನೂ ರಿಟೈರ್ ಆಗೋವರೆಗೆ ಬಸ್ಸೇ ಓಡಿಸಿದವರು. ‘ಗೋಣಿಚೀಲ ನೆನೆಸಿ ಬಾನೆಟ್ ಮೇಲೆ ಹಾಕ್ತಿದ್ವಿ ಸಾರ್, ಅರ್ಧ ಗಂಟೆಗೆ ಹಪ್ಪಳ ಆಗೋದು’ ಅಂದ್ರು.

ಬೆಂಗಳೂರಿಗೆ ಎಸಿ ಬಸ್ಸು ಯಾಕೆ ಅಂತ ಕೇಳೋ ಕಾಲವೂ ಇತ್ತು. 2006ರಲ್ಲಿ ಬಿಎಂಟಿಸಿ ವೋಲ್ವೊ ಬಸ್ಸುಗಳನ್ನ ತಂದಾಗ ಅದು ಶೋಕಿ ಅಂದವರಿದ್ದರು. 2016ರ ಏಪ್ರಿಲ್‌ನಲ್ಲಿ ಇದೇ ಊರಲ್ಲಿ 39.2 ಡಿಗ್ರಿ ಬಿಸಿಲು ಹೊಡೀತು, ಆಮೇಲೆ ಆ ಮಾತು ಅಷ್ಟಾಗಿ ಕೇಳಿಸಲಿಲ್ಲ. ಐಟಿಪಿಎಲ್‌ಗೆ ವಜ್ರದಲ್ಲಿ ಓಡಾಡಿದ ನಮ್ಮಂಥವರಿಗೆ ನೆನಪಿರೋದು ತಣ್ಣನೆ ಗಾಳಿ, ಟ್ರಾಫಿಕ್‌ನಲ್ಲಿ ತೆಗೆದ ನಿದ್ದೆ. ನನ್ನ ಪ್ರಕಾರ ಆ ಬಸ್ಸಿನ ದೊಡ್ಡ ಸಂಗತಿ ಎಸಿ ಅಲ್ಲ, ಇಂಜಿನ್ ಹಿಂದಕ್ಕೆ ಹೋಗಿದ್ದು. ಡ್ರೈವರ್ ಪಕ್ಕದ ಒಲೆ ಹೋಯ್ತು, ಡ್ರೈವರ್‌ಗೂ ಪ್ಯಾಸೆಂಜರ್‌ಗೂ ಒಂದೇ ಗಾಳಿ ಬಂತು. ಆದರೆ ಅದೇ ರಸ್ತೆಯಲ್ಲಿ, ಅದೇ ಸಿಗ್ನಲ್‌ನಲ್ಲಿ ಪಕ್ಕಕ್ಕೆ ನಿಲ್ತಿದ್ದ ಸಾದಾ 335ಇ ಬಸ್ಸಿನ ಡ್ರೈವರ್‌ಗೆ ಅದು ಬರಲಿಲ್ಲ.

ಇಂಜಿನ್ನೇ ಇಲ್ಲದ ಬಸ್ಸು ಕೂಡ ನಮ್ಮ ಈ ರೂಟಿಗೇ ಬಂದಿತ್ತು. 2014ರ ಫೆಬ್ರವರಿಯಲ್ಲಿ ಬಿಎಂಟಿಸಿ ಎಲೆಕ್ಟ್ರಿಕ್ ಬಸ್ ಪ್ರಯೋಗ ಮಾಡಿದ್ದು ಮೆಜೆಸ್ಟಿಕ್–ಕಾಡುಗೋಡಿ ಮಾರ್ಗದಲ್ಲಿ. ಮೋಟಾರು ಡೀಸೆಲ್ ಇಂಜಿನ್‌ನಷ್ಟು ಶಾಖ ಚೆಲ್ಲೋದಿಲ್ಲ. ಅಲ್ಲಿ ತಂಪಿನ ಬೆಲೆ ಕಟ್ಟೋದು ಬ್ಯಾಟರಿ.

ಲಾರಿ ಡ್ರೈವರ್‌ಗಳ ಸರದಿ ಬಂದಿದ್ದು ಎಲ್ಲರಿಗಿಂತ ಕೊನೆಗೆ. ಕಾಡುಗೋಡಿಯಿಂದ ಕೂಗಳತೆ ಅನ್ನಬಹುದಾದ ಹೊಸಕೋಟೆಯಲ್ಲಿ ವೋಲ್ವೊ ಟ್ರಕ್ ಕಾರ್ಖಾನೆ 1998ರಲ್ಲೇ ಶುರುವಾಗಿತ್ತು. ಆದರೆ 3.5 ಟನ್‌ಗಿಂತ ಹೆಚ್ಚು ತೂಕದ ಎಲ್ಲ ಸರಕು ಗಾಡಿಗಳ ಕ್ಯಾಬಿನ್‌ಗೂ ಎಸಿ ಇರಲೇಬೇಕು ಅನ್ನೋ ಕೇಂದ್ರದ ನಿಯಮ ಜಾರಿಯಾಗಿದ್ದು 2025ರಲ್ಲಿ. ಅದೂ ಜಾರಿಯಾದ ಮೇಲೆ ತಯಾರಾಗೋ ಗಾಡಿಗಳಿಗೆ ಮಾತ್ರ. ಚನ್ನಸಂದ್ರದ ಕಡೆ ಸಾಲಾಗಿ ನಿಲ್ಲೋ ಹಳೇ ಲಾರಿಗಳಿಗೆ ಅದು ಅನ್ವಯಿಸೋದಿಲ್ಲ.

ನಮ್ಮ ಗಾಡಿಗೆ ಅಣ್ಣ ಹಂಪಿಯಲ್ಲೇ ಒಂದು ದಾರಿ ಮಾಡಿದ್ರು. ಹೊಸಪೇಟೆಯಿಂದ ಹಳ್ಳಿ ಮನೆಯ ತಾರಸಿ ಶೀಟಿನ ಕೆಳಗೆ ಹೊಡೆಯೋ ಬೆಳ್ಳಿ ಬಣ್ಣದ ಫೋಮ್ ಶೀಟು ತಂದು ಬಾನೆಟ್ ಮುಚ್ಚಳದ ಒಳಮೈಗೆ ಅಂಟಿಸಿದ್ರು. ಅದರ ಅಂಚಿನ ಹರಿದ ರಬ್ಬರ್ ಬದಲಾಯಿಸಿದ್ರು. ಕ್ಯಾಬಿನ್‌ಗೆ ಬಿಸಿ ಗಾಳಿ ನುಗ್ಗುತ್ತಿದ್ದುದೇ ಆ ಸಂದಿನಿಂದ. ರೇಡಿಯೇಟರ್ ಜಾಲರಿಗೆ ಅಂಟಿದ್ದ ಧೂಳು, ಸತ್ತ ಹುಳಗಳನ್ನ ಪೈಪು ಹಿಡಿದು ತೊಳೆದ್ರು. ಎಲ್ಲ ಸೇರಿ ಖರ್ಚು ನಮ್ಮ ಒಂದು ರಾತ್ರಿಯ ಊಟದ ಬಿಲ್‌ಗಿಂತ ಕಮ್ಮಿ.

ವಾಪಸ್ ಬರೋ ದಿನ ಬೆಳಗಿನ ಜಾವ ನಾಲ್ಕಕ್ಕೇ ಹೊಸಪೇಟೆ ಬಿಟ್ವಿ. ಪರದೆ ಬಿಚ್ಚಿ ಮಡಿಸಿ ಮಂಚದ ಕೆಳಗೆ ಹಾಕಿದ್ವಿ. ಎಸಿ ಮೊದಲಿನಷ್ಟು ತಣ್ಣಗಿರಲಿಲ್ಲ. ಚಿತ್ರದುರ್ಗ ದಾಟಿದ ಮೇಲೆ ನಾನು ಮುಂದೆ ಹೋಗಿ ಬಾನೆಟ್ ಪಕ್ಕದ ಸೀಟಲ್ಲಿ ಕೂತೆ. ತುಮಕೂರು ಬರೋವರೆಗೆ ಅಲ್ಲೇ ಇದ್ದೆ. ಕಾಲು ಬಿಸಿಯಾಗ್ತಾನೇ ಇತ್ತು. ‘ಹಿಂದೆ ಹೋಗಿ ಮಲಕ್ಕೊಳ್ಳಿ ಸಾರ್’ ಅಂತ ಅಣ್ಣ ಎರಡು ಸಲ ಹೇಳಿದ್ರು.