ಅಪರಪ್ರಯೋಗದ ಪುರೋಹಿತ

ಮೃತರ ಉತ್ತರಕ್ರಿಯೆಗಳನ್ನು ಮಾಡಿಸುವ ವೈದಿಕ. ಹಾಸನ, ಚನ್ನರಾಯಪಟ್ಟಣಗಳ ಬ್ರಾಹ್ಮಣ ಕುಟುಂಬಗಳಲ್ಲಿ ಮದುವೆ ಮುಂಜಿಗಳಿಗೆ ಸಾಮಾನ್ಯವಾಗಿ ಬೇರೆ ಪುರೋಹಿತರಿರುವರು; ಎಲ್ಲರಿಗೂ ಒಂದು ದಿನ ಬೇಕಾಗುವ ಈತನನ್ನು ಶುಭಕಾರ್ಯಗಳಿಗೆ ಕರೆಯಲು ಹಿಂಜರಿಯುವುದು ನ್ಯಾಯವೆನಿಸದು. ಕರೆ ಬಂದೊಡನೆ ಸ್ನಾನಾಹ್ನಿಕಗಳನ್ನು ತೀರಿಸಿ, ದರ್ಭೆ ಎಳ್ಳುಗಳ ಚೀಲವನ್ನು ಹಿಡಿದು, ಹೊಳೆನರಸೀಪುರದಲ್ಲಾದರೆ ಹೇಮಾವತಿಯ, ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಾದರೆ ಕಾವೇರಿಯ ತೀರವನ್ನು ಸೇರುವನು. ಅಲ್ಲಿ, ಜನಿವಾರವನ್ನು ಬಲಹೆಗಲಿಗೆ ಹಾಕಿಕೊಂಡ ಕರ್ತೃವಿನ ಹೆಬ್ಬೆರಳು ತೋರುಬೆರಳುಗಳ ನಡುವಿನಿಂದ ತಿಲೋದಕ ಜಾರುವಂತೆ ಅಂಗೈಯನ್ನು ತಾನೇ ಓರೆಮಾಡಿಸಿ, ದುಃಖದಿಂದ ತೊದಲುವ ಆ ಬಾಯಿಗೆ ಮಂತ್ರವನ್ನು ತುಂಡುತುಂಡಾಗಿ ಹೇಳಿಕೊಡುವುದರಲ್ಲಿಯೇ ಈ ವೃತ್ತಿಯ ನಿಜವಾದ ಪಾಂಡಿತ್ಯವಿದೆ. ಪಿಂಡವನ್ನಿಟ್ಟು ಕಾಗೆಗಾಗಿ ಕಾಯುವಷ್ಟರಲ್ಲಿ ಎಷ್ಟೋ ಸಲ ಮಧ್ಯಾಹ್ನ ಮೀರುವುದು. ಊಟ ಅನಂತರದ ಮಾತು. 10ನೆಯ ದಿನ ಧರ್ಮೋದಕ, 11ರಂದು ಏಕೋದ್ದಿಷ್ಟ, 12ರಂದು ಪ್ರೇತಪಿಂಡವನ್ನು ಪಿತೃಪಿಂಡಗಳೊಡನೆ ಬೆರೆಸುವ ಸಪಿಂಡೀಕರಣ.